ಸತ್ಯಕ್ಕಾಗಿ ಹೇಳಿದ ಸುಳ್ಳು

‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ‘ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು’ ಎಂಬುದೂ ಅಷ್ಟೇ ಬಳಕೆಯಲ್ಲಿರುವ ಮಾತು. ಉದ್ದೇಶ ಒಳ್ಳೆಯದಾಗಿದ್ದರೆ ದಾರಿ ತುಸು ವಕ್ರವಾದರೂ ದೋಷವಿಲ್ಲ ಎಂಬ ವಿಚಾರವನ್ನು ಈ ಎರಡು ಗಾದೆಗಳು ನಗುನಗುತ್ತಲೇ ನಮ್ಮ ಮನಸ್ಸಿನಲ್ಲಿ ಬಿತ್ತುತ್ತವೆ. ಮದುವೆಯ ಮಾತುಕತೆಯಲ್ಲಿ ವರನ ಸಂಬಳವನ್ನು ನಾಲ್ಕು ಕಾಸು ಹೆಚ್ಚಿಸಿ ಹೇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲವೆಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಸುಳ್ಳು ಹೇಳುವವನು ಸತ್ಯವನ್ನು ಪತ್ತೆಹಚ್ಚುವುದೇ ವೃತ್ತಿಯಾಗಿರುವ ಪೊಲೀಸ್ ಅಧಿಕಾರಿಯಾದರೆ? ಆ ಸುಳ್ಳನ್ನು ಅವನು ಹೇಳುವುದು ಇಪ್ಪತ್ತೆರಡು ಕೊಲೆಗಳ ಹಿಂದಿರುವ ಕ್ರೂರಿಯೊಬ್ಬನನ್ನು ಹಿಡಿಯುವುದಕ್ಕಾಗಿಯೇ ಆದರೆ?

ಅಮೆರಿಕದ ‘ದಿ ವೈರ್’ ಎಂಬ ದೂರದರ್ಶನ ಧಾರಾವಾಹಿಯ ಕೊನೆಯ ಕಂತುಗಳು ಎತ್ತುವ ಪ್ರಶ್ನೆ ಇದು. ಸಾಮಾನ್ಯವಾಗಿ ಪತ್ತೇದಾರಿ ಕಥೆ ಮುಗಿಯುವುದು ಅಪರಾಧಿ ಸಿಕ್ಕಿಬಿದ್ದಾಗ. ಈ ಕಥೆಯಲ್ಲಿ ಅಪರಾಧಿ ಯಾರೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಅವನನ್ನು ಹಿಡಿಯಹೊರಟವರು ಎಂಥವರೆಂಬುದು. ಕೊನೆಯ ಕಂತಿನಲ್ಲಿ ವಿಚಾರಣೆಗೆ ನಿಲ್ಲುವವರು ಪತ್ತೇದಾರರೇ.

ಒಂದು ನಗರದ ಕಥೆ

‘ದಿ ವೈರ್’ 2002ರ ಜೂನ್ ತಿಂಗಳಲ್ಲಿ ಎಚ್‌ಬಿಓ ವಾಹಿನಿಯಲ್ಲಿ ಆರಂಭವಾಗಿ, 2008ರ ಮಾರ್ಚ್ 9ರಂದು ಅರವತ್ತನೆಯ ಕಂತಿನೊಂದಿಗೆ ಮುಕ್ತಾಯವಾಯಿತು. ಹೆಸರಿನ ಅರ್ಥ ‘ತಂತಿ’. ಇಲ್ಲಿ ಅದು ದೂರವಾಣಿ ಕದ್ದಾಲಿಕೆಯನ್ನು ಸೂಚಿಸುತ್ತದೆ. ಕಥೆ ನಡೆಯುವುದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಒಂದು ಕಾಲಕ್ಕೆ ಉಕ್ಕು ಮತ್ತು ಹಡಗುಗಳಿಂದ ಬದುಕಿದ ಈ ಬಂದರು ನಗರ, ಆ ಕೈಗಾರಿಕೆಗಳು ಸೊರಗಿದ ಮೇಲೆ ಸಾವಿರಾರು ಪಾಳುಮನೆಗಳ ಮತ್ತು ಮಾದಕ ವಸ್ತು ವ್ಯಾಪಾರದ ನಗರವೆಂಬ ಹೆಸರು ಪಡೆಯಿತು.

ಇದನ್ನು ರೂಪಿಸಿದ ಇಬ್ಬರೂ ಆ ನಗರವನ್ನು ಬಲ್ಲವರು. ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಅಪರಾಧ ವರದಿಗಾರರಾಗಿದ್ದವರು. ನಗರದ ಕೊಲೆ ತನಿಖಾ ವಿಭಾಗದೊಂದಿಗೆ ಒಂದು ವರ್ಷ ಕಳೆದು, ಆ ಅನುಭವವನ್ನು 1991ರಲ್ಲಿ ಪುಸ್ತಕವಾಗಿ ಹೊರತಂದವರು. ಅವರ ಜೊತೆಗಾರ ಎಡ್ ಬರ್ನ್ಸ್ ಅದೇ ನಗರದ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿ ದುಡಿದು, ಬಳಿಕ ಸರಕಾರಿ ಶಾಲೆಯಲ್ಲಿ ಅಧ್ಯಾಪಕರಾದವರು. ಆದ್ದರಿಂದಲೇ ಧಾರಾವಾಹಿಯ ಐದು ಭಾಗಗಳು ಬೀದಿಯ ವ್ಯಾಪಾರ, ಬಂದರಿನ ಕಾರ್ಮಿಕರು, ರಾಜಕಾರಣ, ಶಾಲೆ ಮತ್ತು ಪತ್ರಿಕೆ ಎಂದು ಒಂದೊಂದೇ ಸಂಸ್ಥೆಯ ಒಳಗನ್ನು ತೆರೆದು ತೋರಿಸುತ್ತವೆ. ಕೊನೆಯ ಕಂತಿನ ಶೀರ್ಷಿಕೆ ಒಂದು ಅಂಕಿ ಮಾತ್ರ: 30. ಅಮೆರಿಕದ ಪತ್ರಕರ್ತರು ವರದಿ ಮುಗಿಯಿತೆಂದು ಸೂಚಿಸಲು ಹಾಳೆಯ ಕೆಳಗೆ ಬರೆಯುತ್ತಿದ್ದ ಸಂಕೇತವದು.

ಸುಳ್ಳು ಹುಟ್ಟಿದ ಬಗೆ

ನಾಲ್ಕನೆಯ ಭಾಗದ ಕೊನೆಯಲ್ಲಿ ನಗರದ ಪಾಳುಮನೆಗಳಿಂದ ಇಪ್ಪತ್ತೆರಡು ಶವಗಳು ಹೊರಬರುತ್ತವೆ. ಕೊಲ್ಲಿಸಿದವನು ಮಾರ್ಲೋ ಸ್ಟ್ಯಾನ್‌ಫೀಲ್ಡ್ ಎಂಬ ಯುವ ಮಾದಕ ವಸ್ತು ವ್ಯಾಪಾರಿಯೆಂಬುದು ಪೊಲೀಸರಿಗೆ ಗೊತ್ತು; ಸಾಬೀತುಪಡಿಸಲು ಸಾಕ್ಷ್ಯವಿಲ್ಲ. ಆ ಹೊತ್ತಿಗೆ ಸರಿಯಾಗಿ ನಗರದ ಬೊಕ್ಕಸ ಬರಿದಾಗುತ್ತದೆ. ಶಾಲಾ ಇಲಾಖೆಯಲ್ಲಿ 5.4 ಕೋಟಿ ಡಾಲರ್ ಕೊರತೆ. ಮೇಯರ್ ಟಾಮಿ ಕಾರ್ಕೆಟಿಗೆ ರಾಜ್ಯಪಾಲನಾಗುವ ಆಸೆ. ತನ್ನ ಎದುರಾಳಿಯಾಗಲಿರುವ ರಾಜ್ಯಪಾಲನ ಮುಂದೆ ಕೈಚಾಚಿದರೆ ಚುನಾವಣೆಯಲ್ಲಿ ಹಿನ್ನಡೆಯಾದೀತೆಂದು ಅವನು ರಾಜ್ಯದ ನೆರವನ್ನು ಬೇಡವೆನ್ನುತ್ತಾನೆ. ಆ ಬಿಗುಮಾನದ ಬೆಲೆಯನ್ನು ತೆರುವವರು ಕೆಳಗಿನವರು. ಪೊಲೀಸರಿಗೆ ಓವರ್‌ಟೈಮ್ ಹಣವಿಲ್ಲ, ಕೆಟ್ಟ ಕಾರುಗಳಿಗೆ ದುರಸ್ತಿಯಿಲ್ಲ. ಮಾರ್ಲೋನ ಹಿಂದೆ ಬಿದ್ದಿದ್ದ ವಿಶೇಷ ತನಿಖಾ ತಂಡವನ್ನೇ ಮುಚ್ಚಲಾಗುತ್ತದೆ.

ಇಲ್ಲಿ ಜಿಮ್ಮಿ ಮೆಕ್‌ನಲ್ಟಿ ಎಂಬ ಪತ್ತೇದಾರನ ಸಹನೆ ಮೀರುತ್ತದೆ. ಅವನು ಚುರುಕು ಬುದ್ಧಿಯವನು, ಕುಡುಕ, ಮೇಲಧಿಕಾರಿಗಳ ಪಾಲಿಗೆ ಸದಾ ತಲೆನೋವು. ಸತ್ತ ಬಳಿಕ ಕುತ್ತಿಗೆಗೆ ಬಿದ್ದ ಒತ್ತಡದ ಗುರುತುಗಳೂ ಕೊಲೆಯಂತೆ ತೋರಬಹುದೆಂದು ಶವಪರೀಕ್ಷೆಯ ಕಚೇರಿಯಲ್ಲಿ ನಡೆದ ಮಾತುಕತೆಯಿಂದ ಅವನು ಅರಿತಿರುತ್ತಾನೆ. ಒಂದು ದಿನ, ತಾನಾಗಿಯೇ ಸತ್ತಿದ್ದ ನಿರ್ಗತಿಕನೊಬ್ಬನ ಶವದ ಮೇಲೆ ಅಂಥ ಗುರುತುಗಳನ್ನು ಮೂಡಿಸುತ್ತಾನೆ. ಮುಂದೆ ಇನ್ನಷ್ಟು ಶವಗಳು. ಮಣಿಕಟ್ಟಿಗೆ ಕಟ್ಟಿದ ಕೆಂಪು ಪಟ್ಟಿ. ಹೀಗೆ ನಗರದಲ್ಲಿ ಇಲ್ಲದ ಸರಣಿ ಹಂತಕನೊಬ್ಬ ಹುಟ್ಟುತ್ತಾನೆ. ನಿರ್ಗತಿಕರು ಕೊಲೆಯಾಗುತ್ತಿದ್ದಾರೆಂದು ಪತ್ರಿಕೆ ಬರೆಯುತ್ತದೆ, ಮೇಯರ್ ಭಾಷಣ ಮಾಡುತ್ತಾನೆ, ಬೊಕ್ಕಸದ ಬಾಗಿಲು ತೆರೆಯುತ್ತದೆ.

ಮೆಕ್‌ನಲ್ಟಿಗಿಂತ ಹೆಚ್ಚು ಆಶ್ಚರ್ಯ ತರಿಸುವವನು ಲೆಸ್ಟರ್ ಫ್ರೀಮನ್. ಇವನು ಹಿರಿಯ, ಶಾಂತ ಸ್ವಭಾವದವನು, ಬಿಡುವಿನಲ್ಲಿ ಗೊಂಬೆಮನೆಗೆ ಸಣ್ಣ ಸಣ್ಣ ಪೀಠೋಪಕರಣ ಕೆತ್ತುವ ತಾಳ್ಮೆಯ ಮನುಷ್ಯ. ಇವನಾದರೂ ಬುದ್ಧಿ ಹೇಳುವನೆಂದು ನಾವು ಕಾಯುತ್ತೇವೆ. ಅವನು ಹೇಳುವ ಬುದ್ಧಿಯೇ ಬೇರೆ: ಸುಳ್ಳು ಇನ್ನಷ್ಟು ರೋಚಕವಾಗಿರಬೇಕು, ಇಲ್ಲದಿದ್ದರೆ ಪತ್ರಿಕೆಗಳು ಗಮನಿಸುವುದಿಲ್ಲ. ಇಲ್ಲದ ಹಂತಕನ ಹೆಸರಿನಲ್ಲಿ ಕದ್ದಾಲಿಕೆಗೆ ನ್ಯಾಯಾಲಯದ ಅನುಮತಿ ಪಡೆದು, ಅದರ ಮರೆಯಲ್ಲಿ ಮಾರ್ಲೋನ ದೂರವಾಣಿಯನ್ನು ಅನುಮತಿಯಿಲ್ಲದೆ ಆಲಿಸುವ ಯೋಜನೆಯನ್ನು ಅವನೇ ಹೂಡುತ್ತಾನೆ. ಒಳ್ಳೆಯವರು ಕೆಡುವುದು ದುರಾಸೆಯಿಂದ ಮಾತ್ರವಲ್ಲ. ನ್ಯಾಯದ ಹಸಿವಿನಿಂದಲೂ ಕೆಡಬಹುದು. ಕಾಸಿನಾಸೆಗೆ ಕೆಟ್ಟವನಿಗೆ ತಾನು ಕೆಟ್ಟೆನೆಂಬ ಅಳುಕಾದರೂ ಇರುತ್ತದೆ. ನ್ಯಾಯಕ್ಕಾಗಿ ಕೆಟ್ಟವನಿಗೆ ಆ ಅಳುಕೂ ಇರುವುದಿಲ್ಲ.

ಈ ಸುಳ್ಳು ಮೊದಮೊದಲು ಸಿಹಿ ಫಲವನ್ನೇ ಕೊಡುತ್ತದೆ. ಹರಿದುಬಂದ ಹಣವನ್ನು ಮೆಕ್‌ನಲ್ಟಿ ಗುಟ್ಟಾಗಿ ಸಹೋದ್ಯೋಗಿಗಳ ನಿಜವಾದ ಪ್ರಕರಣಗಳಿಗೆ ಹಂಚುತ್ತಾನೆ. ಒಬ್ಬೊಬ್ಬರೇ ಬಂದು ಅವನಲ್ಲಿ ಸಹಾಯ ಕೇಳತೊಡಗುತ್ತಾರೆ. ಮೇಲಧಿಕಾರಿಗಳಿಂದ ಆಗದ ಒಳಿತು ತನ್ನಿಂದ ಆಗುತ್ತಿದೆಯೆಂಬ ಹೆಮ್ಮೆ ಅವನಲ್ಲಿ ಬೆಳೆಯುತ್ತದೆ. ಆದರೆ ಅದೇ ಹೊತ್ತಿಗೆ ಎಫ್‌ಬಿಐ ತಜ್ಞರು ಆ ಕಲ್ಪಿತ ಹಂತಕನ ಮನೋಲಕ್ಷಣಗಳನ್ನು ಪಟ್ಟಿಮಾಡಿ ಓದುತ್ತಾರೆ: ಕುಡಿತದ ಚಟ, ಅಧಿಕಾರವನ್ನು ಸಹಿಸದ ಮನೋಭಾವ, ತಾನೇ ಮೇಲೆಂಬ ಅಹಂಕಾರ. ಎದುರಿಗೆ ಕುಳಿತ ಮೆಕ್‌ನಲ್ಟಿಯ ಮುಖ ಬಾಡುತ್ತದೆ. ಇಲ್ಲದ ಹಂತಕನ ವರ್ಣನೆಯಲ್ಲಿ ಅವನು ಕಂಡದ್ದು ತನ್ನನ್ನೇ.

ಪತ್ರಿಕಾಲಯದ ಅವಳಿ ಸುಳ್ಳು

ಪೊಲೀಸ್ ಠಾಣೆಯ ಸುಳ್ಳಿಗೆ ಪತ್ರಿಕಾಲಯದಲ್ಲಿ ಒಂದು ಜೋಡಿ ಹುಟ್ಟುತ್ತದೆ. ಸ್ಕಾಟ್ ಟೆಂಪಲ್‌ಟನ್ ಎಂಬ ಮಹತ್ವಾಕಾಂಕ್ಷಿ ವರದಿಗಾರ, ಹಂತಕ ತನಗೆ ದೂರವಾಣಿ ಕರೆ ಮಾಡಿದನೆಂದು ಕಥೆ ಕಟ್ಟುತ್ತಾನೆ. ಹಂತಕನೇ ಇಲ್ಲವೆಂದು ಬಲ್ಲ ಮೆಕ್‌ನಲ್ಟಿಗೆ ಇದು ಸುಳ್ಳೆಂದು ಆ ಕ್ಷಣವೇ ತಿಳಿಯುತ್ತದೆ. ಆದರೆ ಬಾಯಿ ಬಿಡುವಂತಿಲ್ಲ. ಇಬ್ಬರು ಸುಳ್ಳುಗಾರರು ಒಬ್ಬರ ಸುಳ್ಳಿಗೆ ಇನ್ನೊಬ್ಬರು ಸಾಕ್ಷಿಯಾಗುತ್ತಾರೆ. ಕೊನೆಯ ಕಂತಿನಲ್ಲಿ ಮೆಕ್‌ನಲ್ಟಿ ಅವನೆದುರು ನಿಂತು, ತಾವಿಬ್ಬರೂ ಒಂದೇ ಬೋನಿನಲ್ಲಿ ಸಿಲುಕಿದವರೆಂದು ಬಿಡಿಸಿ ಹೇಳುತ್ತಾನೆ.

ನಗರ ವಾರ್ತೆಗಳ ಸಂಪಾದಕ ಗಸ್ ಹೇನ್ಸ್ ಟೆಂಪಲ್‌ಟನ್‌ನ ವರದಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಕಟ್ಟುಕಥೆಗಳ ಕಡತವನ್ನೇ ಹಿರಿಯರ ಮುಂದಿಡುತ್ತಾನೆ. ಹಿರಿಯ ಸಂಪಾದಕರ ಕಣ್ಣು ಪುಲಿಟ್ಜರ್ ಪ್ರಶಸ್ತಿಯ ಮೇಲೆ. ಗಸ್‌ನನ್ನು ತಿದ್ದುಪಡಿ ವಿಭಾಗಕ್ಕೆ ಇಳಿಸುತ್ತಾರೆ, ಅವನ ಪರ ನಿಂತ ಕಿರಿಯ ವರದಿಗಾರ್ತಿಯನ್ನು ದೂರದ ಕಚೇರಿಗೆ ಎತ್ತಿಹಾಕುತ್ತಾರೆ, ಸುಳ್ಳುಗಾರನಿಗೆ ಪ್ರಶಸ್ತಿ ಬರುತ್ತದೆ. ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 1981ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಜಾನೆಟ್ ಕುಕ್, ಎಂಟು ವರ್ಷದ ಮಾದಕ ವ್ಯಸನಿ ಬಾಲಕನ ಬಗ್ಗೆ ಬರೆದ ವರದಿಗೆ ಪುಲಿಟ್ಜರ್ ಪಡೆದರು. ಅಂಥ ಬಾಲಕನೇ ಇರಲಿಲ್ಲವೆಂದು ಬಯಲಾದಾಗ ಪ್ರಶಸ್ತಿಯನ್ನು ಹಿಂದಿರುಗಿಸಬೇಕಾಯಿತು. ನಿಜಜೀವನದಲ್ಲಿ ಸುಳ್ಳು ಬಯಲಾಯಿತು, ಧಾರಾವಾಹಿಯಲ್ಲಿ ಬಯಲಾಗುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಸಾಮಾನ್ಯವೆಂಬುದನ್ನು ವಾಚಕರೇ ಯೋಚಿಸಬೇಕು.

ಮೂವರ ನಿಲುವು

ಈ ಕಥೆ ಸುಳ್ಳಿನ ಕಥೆ ಮಾತ್ರವಾಗಿದ್ದರೆ ನಿರಾಶೆಯಲ್ಲೇ ಮುಗಿಯುತ್ತಿತ್ತು. ಅದೇ ಇಲಾಖೆಯಲ್ಲಿ, ಅದೇ ಬಡತನದಲ್ಲಿ, ಮೂವರು ಬೇರೆ ದಾರಿ ಹಿಡಿಯುತ್ತಾರೆ. ಮೂವರ ದಾರಿಯೂ ಭಿನ್ನ.

ಮೊದಲನೆಯವನು ಬಂಕ್ ಮೋರ್‌ಲ್ಯಾಂಡ್; ಮೆಕ್‌ನಲ್ಟಿಯ ಹಳೆಯ ಜೊತೆಗಾರ, ಒಟ್ಟಿಗೆ ಕುಡಿದವನು. ಸುಳ್ಳು ಹುಟ್ಟಿದ ಘಳಿಗೆಯಲ್ಲಿ ಅವನು ಅಲ್ಲೇ ಇದ್ದ, ಹೇಸಿಗೆಪಟ್ಟ, ಬೇಡವೆಂದು ಬೈದ. ಮೇಲಿನವರಿಗೆ ದೂರು ಕೊಡಲಿಲ್ಲ, ಆದರೆ ಆ ಹಣದಲ್ಲಿ ಪಾಲನ್ನೂ ಬೇಡಲಿಲ್ಲ. ಇಪ್ಪತ್ತೆರಡು ಕೊಲೆಗಳ ಹಳೆಯ ಕಡತಗಳನ್ನು ಮತ್ತೆ ಬಿಚ್ಚಿದ. ಸಾಕ್ಷಿಗಳ ಮನೆಬಾಗಿಲಿಗೆ ಮತ್ತೆ ಹೋದ. ಪ್ರಯೋಗಾಲಯದ ವರದಿಗಾಗಿ ಕಾದ, ಕಾಡಿದ. ಕೊನೆಗೆ ಒಂದು ಕೊಲೆಯ ಸ್ಥಳದಲ್ಲಿ ದೊರೆತಿದ್ದ ಡಿಎನ್‌ಎ ಮಾರ್ಲೋನ ಬಲಗೈ ಬಂಟ ಕ್ರಿಸ್ ಪಾರ್ಟ್‌ಲೋನದೆಂದು ತಿಳಿದುಬಂತು. ಇಡೀ ಪ್ರಕರಣದಲ್ಲಿ ಕಳಂಕವಿಲ್ಲದೆ ನಿಂತ ಕೊಲೆಯ ಸಾಕ್ಷ್ಯ ಇದೊಂದೇ. ಜಾಣತನ ಸಾಧಿಸದೇ ಹೋದುದನ್ನು ಬೇಸರ ಹಿಡಿಸುವ ನೇರ ದುಡಿಮೆ ಸಾಧಿಸಿತು.

ಎರಡನೆಯವಳು ಕೀಮಾ ಗ್ರೆಗ್ಸ್. ಇಲ್ಲದ ಹಂತಕನ ತನಿಖೆಗೆಂದು ಅವಳನ್ನು ಸತ್ತವನೊಬ್ಬನ ಮನೆಯವರ ಬಳಿ ಕಳುಹಿಸಲಾಗುತ್ತದೆ. ಮಗನನ್ನು ಯಾರೋ ಕೊಂದರೆಂದು ನಂಬಿದ ಹೆತ್ತವರ ಎದುರು ಅವಳು ಕೂರಬೇಕಾಗುತ್ತದೆ. ಬಳಿಕ ಮೆಕ್‌ನಲ್ಟಿ ನಿಜ ಸಂಗತಿಯನ್ನು ಹೇಳಿದಾಗ ಅವಳಿಗೆ ಮೊದಲು ನೆನಪಾಗುವುದು ಆ ತಂದೆತಾಯಿಯರು. ಗೆಳೆಯರ ವಿರುದ್ಧ ಬಾಯಿಬಿಡುವುದು ಪೊಲೀಸರಲ್ಲಿ ದ್ರೋಹವೆನಿಸುತ್ತದೆ. ಅವಳು ಸಾರ್ಜೆಂಟ್ ಕಾರ್ವರ್‌ನ ಬಳಿ ಹೋಗಿ ಮಾತನಾಡುತ್ತಾಳೆ. ಅವನು ಈ ಹಿಂದೆ ತನ್ನ ಕೈಕೆಳಗಿನ ಅಧಿಕಾರಿಯೊಬ್ಬನ ದೌರ್ಜನ್ಯವನ್ನು ಮುಚ್ಚಿಡಲು ಒಪ್ಪದೆ ವರದಿ ಮಾಡಿದವನು. ಅನಂತರ ಅವಳು ನೇರವಾಗಿ ಉನ್ನತಾಧಿಕಾರಿ ಸೆಡ್ರಿಕ್ ಡೇನಿಯಲ್ಸ್‌ಗೆ ಎಲ್ಲವನ್ನೂ ತಿಳಿಸುತ್ತಾಳೆ.

ಕೊನೆಯ ಕಂತಿನಲ್ಲಿ ಕೆಲಸ ಕಳೆದುಕೊಂಡ ಮೆಕ್‌ನಲ್ಟಿಗೆ ಗೆಳೆಯರು ಸೇರಿ ಹೆಂಡದಂಗಡಿಯಲ್ಲಿ ಅಣಕು ಶವಸಂಸ್ಕಾರ ನಡೆಸುತ್ತಾರೆ. ‘ಶವ’ವನ್ನು ಮೇಜಿನ ಮೇಲೆ ಮಲಗಿಸಿ ಹೊಗಳಿಕೆಯ ಭಾಷಣ ಮಾಡುತ್ತಾರೆ. ಅಲ್ಲಿಗೆ ಕೀಮಾ ಬರುತ್ತಾಳೆ. ಮುಚ್ಚಿಡದೆ, ದೂರು ಕೊಟ್ಟವಳು ತಾನೇ ಎಂದು ಮೆಕ್‌ನಲ್ಟಿ ಮತ್ತು ಫ್ರೀಮನ್‌ಗೆ ಹೇಳುತ್ತಾಳೆ. ಅವರು ಕೋಪಿಸಿಕೊಳ್ಳುವುದಿಲ್ಲ. ಹಾಗೆ ಮಾಡಬೇಕೆಂದು ಅವಳಿಗೆ ಅನಿಸಿದ್ದರೆ ಅದು ಮಾಡಬೇಕಾದುದೇ ಇದ್ದೀತು ಎಂಬರ್ಥದ ಮಾತು ಮೆಕ್‌ನಲ್ಟಿಯ ಬಾಯಿಂದ ಬರುತ್ತದೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಘನವಾದ ದೃಶ್ಯ ಇನ್ನೊಂದಿರಲಾರದು. ಸತ್ಯ ಹೇಳಿದವಳು ಬೆನ್ನ ಹಿಂದೆ ಅಡಗಲಿಲ್ಲ. ಅದರಿಂದ ನಷ್ಟಪಟ್ಟವನು ಸ್ನೇಹವನ್ನು ಹರಿಯಲಿಲ್ಲ.

ಮೂರನೆಯವನು ಡೇನಿಯಲ್ಸ್, ಪೊಲೀಸ್ ಕಮಿಷನರ್ ಹುದ್ದೆಗೆ ಏರಿದವನು. ಅವನ ಹಳೆಯ ದಿನಗಳಲ್ಲಿ ಒಂದು ಕಳಂಕವಿದೆ: ಮಾದಕ ವಸ್ತು ನಿಗ್ರಹ ತಂಡದಲ್ಲಿದ್ದಾಗಿನ ಲೆಕ್ಕವಿಲ್ಲದ ಹಣದ ವಿಚಾರ. ಆ ಕಡತ ರಾಜಕಾರಣಿಗಳ ಕೈಯಲ್ಲಿದೆ. ಸರಣಿ ಹಂತಕನ ಸುಳ್ಳು ತಿಳಿದಾಗ ಮೇಯರ್ ಅದನ್ನು ಬಯಲು ಮಾಡುವುದಿಲ್ಲ, ಹೂತುಹಾಕುತ್ತಾನೆ. ಬಯಲಾದರೆ ಅವನ ಚುನಾವಣೆಯೇ ಮುಳುಗುತ್ತದೆ. ಆ ಮೌನವನ್ನು ಡೇನಿಯಲ್ಸ್ ಕಷ್ಟದಿಂದ ಸಹಿಸುತ್ತಾನೆ. ಆದರೆ ಚುನಾವಣೆಗೆ ಮುನ್ನ ಅಪರಾಧದ ಅಂಕಿಅಂಶಗಳನ್ನು ಇಳಿಸಿ ತೋರಿಸಬೇಕೆಂದು ಮೇಯರನ ಕಡೆಯವನು ಕೇಳಿದಾಗ ಅವನು ಸಾಧ್ಯವಿಲ್ಲವೆನ್ನುತ್ತಾನೆ. ಹಳೆಯ ಕಡತವನ್ನು ತೆರೆಯುವ ಬೆದರಿಕೆ ಬರುತ್ತದೆ. ಅದು ತೆರೆದರೆ ಕೆಡುವುದು ಅವನೊಬ್ಬನ ಬದುಕಲ್ಲ; ನ್ಯಾಯಾಧೀಶೆಯಾಗಲಿರುವ ಅವನ ಸಂಗಾತಿ ರೋಂಡಾ ಪರ್ಲ್‌ಮನ್‌ಗೂ, ನಗರಸಭೆಯಲ್ಲಿರುವ ಮಾಜಿ ಪತ್ನಿಗೂ ಪೆಟ್ಟು. ಅವನು ಅಂಕಿಗಳನ್ನು ತಿದ್ದುವುದಿಲ್ಲ; ವೈಯಕ್ತಿಕ ಕಾರಣವೆಂದು ಹೇಳಿ ರಾಜೀನಾಮೆ ಕೊಡುತ್ತಾನೆ. ಹೊರಡುವ ಮುನ್ನ ಮಾಡುವ ಒಂದು ಕೆಲಸ, ಕಾರ್ವರ್‌ಗೆ ಲೆಫ್ಟಿನೆಂಟ್ ಹುದ್ದೆಗೆ ಬಡ್ತಿ ಕೊಡುವುದು.

ಡೇನಿಯಲ್ಸ್ ಹುಟ್ಟಾ ಪ್ರಾಮಾಣಿಕನಲ್ಲ, ಒಮ್ಮೆ ಜಾರಿದವನು. ಒಮ್ಮೆ ಜಾರಿದವನಿಗೆ ಸತ್ಯದ ಪರ ನಿಲ್ಲುವ ಹಕ್ಕಿಲ್ಲವೆಂದು ಲೋಕ ಹೇಳುತ್ತದೆ. ಅವನ ಹಳೆಯ ತಪ್ಪನ್ನೇ ಹಗ್ಗಮಾಡಿ ಹೊಸ ತಪ್ಪಿಗೆ ಎಳೆಯುತ್ತದೆ. ಆ ಹಗ್ಗವನ್ನು ಕತ್ತರಿಸಲು ಅವನು ತನ್ನ ಅಧಿಕಾರವನ್ನೇ ತೆರುತ್ತಾನೆ. ಕಳಂಕವಿಲ್ಲದವನ ಪ್ರಾಮಾಣಿಕತೆಗಿಂತ ಇದು ಕಡಿಮೆ ತೂಕದ್ದೇನಲ್ಲ.

ವಿಷವೃಕ್ಷದ ಫಲ

ಇಷ್ಟೆಲ್ಲ ಆದ ಮೇಲೆ ಮಾರ್ಲೋ ಸಿಕ್ಕಿಬಿದ್ದನೇ? ಸಿಕ್ಕಿಬಿದ್ದ. ಅವನ ಕಡೆಯವರು ಗಡಿಯಾರದ ಚಿತ್ರಗಳನ್ನು ಕಳುಹಿಸಿ ಸಂದೇಶ ಮುಟ್ಟಿಸುತ್ತಿದ್ದ ಗುಟ್ಟು ಒಡೆದು, ಅಪಾರ ಮಾದಕ ವಸ್ತು ವಶವಾಯಿತು. ಆದರೆ ಮಾರ್ಲೋನ ವಕೀಲ ಮಾರಿಸ್ ಲೆವಿ ಅಕ್ರಮ ಕದ್ದಾಲಿಕೆಯ ವಾಸನೆ ಹಿಡಿದುಬಿಟ್ಟ. ಅಮೆರಿಕದ ಕಾನೂನಿನಲ್ಲಿ ‘ವಿಷವೃಕ್ಷದ ಫಲ’ ಎಂಬ ತತ್ತ್ವವೊಂದಿದೆ. ಅಕ್ರಮವಾಗಿ ಪಡೆದ ಸಾಕ್ಷ್ಯ ಮಾತ್ರವಲ್ಲ, ಆ ಸಾಕ್ಷ್ಯದ ಸುಳಿವಿನಿಂದ ಮುಂದೆ ದೊರೆತುದೂ ನ್ಯಾಯಾಲಯದಲ್ಲಿ ನಿಲ್ಲದು. ಈ ವಿಚಾರವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1920ರಲ್ಲಿ ಎತ್ತಿಹಿಡಿಯಿತು; ‘ವಿಷವೃಕ್ಷ’ವೆಂಬ ಹೆಸರನ್ನು 1939ರ ನಾರ್ಡೋನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಬಳಸಿದರು. ಅದೂ ದೂರವಾಣಿ ಕದ್ದಾಲಿಕೆಯದೇ ಪ್ರಕರಣ.

ಪ್ರಾಸಿಕ್ಯೂಟರ್ ರೋಂಡಾ ಪರ್ಲ್‌ಮನ್ ಕೈಯಲ್ಲಿ ಲೆವಿಯ ಮೇಲೂ ಒಂದು ಅಸ್ತ್ರವಿತ್ತು: ನ್ಯಾಯಾಲಯದ ಗೋಪ್ಯ ಕಾಗದಪತ್ರಗಳನ್ನು ಅವನು ಹಣಕೊಟ್ಟು ಪಡೆಯುತ್ತಿದ್ದ. ಹೀಗಾಗಿ ಮುಚ್ಚಿದ ಕೋಣೆಯಲ್ಲಿ ರಾಜಿಯಾಯಿತು. ಕ್ರಿಸ್ ಎಲ್ಲ ಕೊಲೆಗಳನ್ನೂ ಒಪ್ಪಿಕೊಂಡು ಜೀವನಪರ್ಯಂತ ಸೆರೆಗೆ ಹೋದ. ಕೊಲ್ಲಿಸಿದ ಮಾರ್ಲೋ, ಬೀದಿಯ ವ್ಯಾಪಾರ ಬಿಡಬೇಕೆಂಬ ಷರತ್ತಿನ ಮೇಲೆ, ಸೂಟು ತೊಟ್ಟು ಹೊರಗೆ ಬಂದ. ಯಾವನನ್ನು ಹಿಡಿಯಲೆಂದು ಸುಳ್ಳು ಹುಟ್ಟಿತೋ ಅವನನ್ನೇ ಆ ಸುಳ್ಳು ಬಿಡಿಸಿತು.

ತತ್ತ್ವಜ್ಞರು ಕಂಡಂತೆ

ಒಳ್ಳೆಯ ಉದ್ದೇಶದ ಸುಳ್ಳು ಹೊಸ ಸಮಸ್ಯೆಯಲ್ಲ. ನಗರದ ಹಿತಕ್ಕಾಗಿ ಆಳುವವರು ಹೇಳಬಹುದಾದ ಉದಾತ್ತ ಸುಳ್ಳಿನ ವಿಚಾರವನ್ನು ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಎತ್ತಿದ್ದಾನೆ. ಸುಮಾರು ಕ್ರಿ.ಶ. 395ರಲ್ಲಿ ಸುಳ್ಳಿನ ಬಗ್ಗೆ ಒಂದು ಗ್ರಂಥವನ್ನೇ ಬರೆದ ಸಂತ ಅಗಸ್ಟೀನರು ಸುಳ್ಳುಗಳನ್ನು ಎಂಟು ಬಗೆಗಳಾಗಿ ವಿಂಗಡಿಸಿದರು. ಇನ್ನೊಬ್ಬರ ಒಳಿತಿಗಾಗಿ ಹೇಳಿದ ಸುಳ್ಳಿನ ದೋಷ ಕಿರಿದೆಂದು ಒಪ್ಪಿದರೂ ಅದು ದೋಷವೇ ಅಲ್ಲವೆಂದು ಒಪ್ಪಲಿಲ್ಲ. 1797ರಲ್ಲಿ ಇಮ್ಯಾನುಯೆಲ್ ಕಾಂಟ್ ಇನ್ನೂ ಮುಂದೆ ಹೋಗಿ, ಕೊಲೆಗಾರ ಮನೆಬಾಗಿಲಿಗೆ ಬಂದು ಗೆಳೆಯನೆಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದೆಂದು ವಾದಿಸಿದರು. ಇದು ಅತಿಯಾಯಿತೆಂದು ಅನೇಕರಿಗೆ ಅನಿಸುತ್ತದೆ. ಅನಿಸುವುದು ಸಹಜವೂ ಹೌದು.

ಆದರೆ ಮೆಕ್‌ನಲ್ಟಿಯ ಸ್ಥಿತಿ ಕಾಂಟರ ಮನೆಬಾಗಿಲಿನದಲ್ಲ. ಅಲ್ಲಿ ಸುಳ್ಳು ಕೇಳುವವನು ಕೊಲೆಗಾರ. ಇಲ್ಲಿ ಸುಳ್ಳು ಕೇಳುವವರು ನ್ಯಾಯಾಧೀಶರು, ನಾಗರಿಕರು, ಸತ್ತವನ ಹೆತ್ತವರು. ಅಪರಾಧಶಾಸ್ತ್ರಜ್ಞ ಕಾರ್ಲ್ ಕ್ಲೋಕರ್ಸ್ 1980ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಇಕ್ಕಟ್ಟನ್ನು 1971ರ ‘ಡರ್ಟಿ ಹ್ಯಾರಿ’ ಚಲನಚಿತ್ರದ ಹೆಸರಿನಿಂದ ಕರೆದರು. ಕೊಳಕು ಮಾರ್ಗದಿಂದ ಮಾತ್ರ ಒಳ್ಳೆಯ ಗುರಿ ಸಾಧ್ಯವೆಂದು ತೋರುವ ಘಳಿಗೆ ಪೊಲೀಸ್ ವೃತ್ತಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ತೋರುವುದು ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ಬೇರೆ ದಾರಿಯೇ ಇಲ್ಲವೆಂದು ಮೆಕ್‌ನಲ್ಟಿಗೆ ತೋರಿತು. ದಾರಿ ಇತ್ತೆಂಬುದನ್ನು ಪಕ್ಕದ ಮೇಜಿನ ಬಂಕ್ ಮಾಡಿ ತೋರಿಸಿದ.

ಸುಳ್ಳಿನ ಲೆಕ್ಕಪತ್ರ

ಮೆಕ್‌ನಲ್ಟಿ ಮೊದಲಿಗೆ ಹಾಕಿದ ಲೆಕ್ಕ ಸರಳವಾಗಿತ್ತು: ಸತ್ತವರು ಸತ್ತಾಗಿದೆ, ಅವರಿಗಿನ್ನು ನೋವಿಲ್ಲ, ಯಾರಿಗೂ ನಷ್ಟವಿಲ್ಲ. ಕೊನೆಯ ಕಂತು ಆ ಲೆಕ್ಕವನ್ನು ತಿದ್ದುತ್ತದೆ. ಕಲ್ಪಿತ ಹಂತಕನ ಸುದ್ದಿ ಹಬ್ಬಿದ ಮೇಲೆ ನಿಜವಾಗಿಯೂ ನಿರ್ಗತಿಕರು ಕೊಲೆಯಾಗುತ್ತಾರೆ, ಅದೇ ಕೆಂಪು ಪಟ್ಟಿಯೊಂದಿಗೆ. ಶವದೆದುರು ನಿಂತ ಮೆಕ್‌ನಲ್ಟಿಗೆ ಇದು ತನ್ನದೇ ಕೈಯ ಬರಹವೆಂಬುದು ಗೊತ್ತು. ಅವನ ಪತ್ತೇದಾರಿ ಬುದ್ಧಿ ಆಗಲೂ ಮೊಂಡಾಗಿರುವುದಿಲ್ಲ. ಸತ್ತವನ ಬಳಿ ಸಿಕ್ಕಿದ ಪರಿಚಯ ಚೀಟಿಯ ಜಾಡು ಹಿಡಿದು, ಅಂಥ ಚೀಟಿಗಳನ್ನು ಕೂಡಿಸಿಡುವ ಬುದ್ಧಿವಿಕಲ ಬಡವನೊಬ್ಬನನ್ನು ಕಂಡುಹಿಡಿಯುತ್ತಾನೆ. ಅವನು ಕೇಳಿದುದನ್ನೆಲ್ಲ ಒಪ್ಪುವ ಸ್ಥಿತಿಯಲ್ಲಿದ್ದಾನೆ. ಹಳೆಯ ‘ಕೊಲೆ’ಗಳನ್ನೂ ಅವನ ಮೇಲೆ ಹೊರಿಸಿದರೆ ಎಲ್ಲರಿಗೂ ಅನುಕೂಲ: ಕಡತ ಮುಚ್ಚುತ್ತದೆ, ಮೇಯರ್ ಗೆಲ್ಲುತ್ತಾನೆ, ಸ್ವತಃ ಮೆಕ್‌ನಲ್ಟಿಯೂ ಬಚಾವಾಗುತ್ತಾನೆ.

ಅವನು ಒಪ್ಪುವುದಿಲ್ಲ. ಈ ಬಡವ ಮಾಡದೇ ಇದ್ದುದನ್ನು ತಾನು ಅವನ ತಲೆಗೆ ಕಟ್ಟಲಾರೆನೆಂದು ನಿಲ್ಲುತ್ತಾನೆ. ಅವನ ನಿರಾಕರಣೆಯಿಂದ ಲೋಕವೇನೂ ಬದಲಾಗುವುದಿಲ್ಲ. ಹಂತಕ ಸಿಕ್ಕಿದನೆಂಬ ಭಾವನೆ ಜನರಲ್ಲಿ ಉಳಿಯುವಂತೆ ಮೇಲಿನವರು ನೋಡಿಕೊಳ್ಳುತ್ತಾರೆ. ಆದರೆ ಬದಲಾದವನು ಮೆಕ್‌ನಲ್ಟಿ. ಆರಂಭದಲ್ಲಿ ಸತ್ತ ಬಡವನ ದೇಹವನ್ನು ಸಾಧನವಾಗಿ ಬಳಸಿದವನು, ಕೊನೆಯಲ್ಲಿ ಬದುಕಿರುವ ಬಡವನನ್ನು ಸಾಧನವಾಗಿ ಬಳಸಲು ಒಪ್ಪಲಿಲ್ಲ. ಪಶ್ಚಾತ್ತಾಪವೆಂದರೆ ಕಣ್ಣೀರಿಗಿಂತ ಹೆಚ್ಚಾಗಿ ಇದೇ ಅಲ್ಲವೇ?

ಇನ್ನೊಂದು ಬಾಕಿಯೂ ಉಳಿದಿತ್ತು. ಸುಳ್ಳಿಗೆ ಮೆರುಗು ಕೊಡಲೆಂದು ಮೆಕ್‌ನಲ್ಟಿ, ಲ್ಯಾರಿ ಎಂಬ ಮಾನಸಿಕ ಅಸ್ವಸ್ಥ ನಿರ್ಗತಿಕನೊಬ್ಬನನ್ನು ಕಾರಿನಲ್ಲಿ ಕೂರಿಸಿ ವರ್ಜೀನಿಯಾದ ರಿಚ್ಮಂಡ್ ನಗರದ ಆಶ್ರಯಧಾಮವೊಂದರಲ್ಲಿ ಬಿಟ್ಟು ಬಂದಿದ್ದ. ಹಂತಕ ಅಪಹರಿಸಿದನೆಂದು ಅವನ ಚಿತ್ರವನ್ನು ಪತ್ರಿಕೆಗೆ ಕಳುಹಿಸಿದ್ದ. ಎಲ್ಲ ಮುಗಿದ ಮೇಲೆ ಮೆಕ್‌ನಲ್ಟಿ ರಿಚ್ಮಂಡ್‌ಗೆ ಹೋಗುತ್ತಾನೆ. ಹುಡುಕುತ್ತಾನೆ. ಲ್ಯಾರಿಯನ್ನು ಮತ್ತೆ ಕಾರಿನಲ್ಲಿ ಕೂರಿಸಿಕೊಂಡು ಬಾಲ್ಟಿಮೋರಿನತ್ತ ಬರುತ್ತಾನೆ. ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ, ದೂರದಲ್ಲಿ ಕಾಣುವ ನಗರವನ್ನು ನೋಡುತ್ತಾ ನಿಲ್ಲುತ್ತಾನೆ. ಬಳಿಕ ಮನೆಗೆ ಹೋಗೋಣವೆಂದು ಲ್ಯಾರಿಯನ್ನು ಕರೆಯುತ್ತಾನೆ. ಅರವತ್ತು ಕಂತುಗಳ ಧಾರಾವಾಹಿ ಮುಗಿಯುವುದು ಇಲ್ಲಿ: ಎತ್ತಿ ಒಯ್ದ ಮನುಷ್ಯನನ್ನು ಅವನ ಜಾಗಕ್ಕೆ ಮರಳಿ ತಂದು ಬಿಡುವಲ್ಲಿ.

ಕಥೆಯಾಚೆಯ ನಗರ

ಧಾರಾವಾಹಿ ಮುಗಿದು ಒಂಬತ್ತು ವರ್ಷಗಳಾದ ಮೇಲೆ, 2017ರ ಮಾರ್ಚ್‌ನಲ್ಲಿ, ನಿಜವಾದ ಬಾಲ್ಟಿಮೋರಿನಲ್ಲಿ ಅಕ್ರಮ ಬಂದೂಕು ಪತ್ತೆಗೆಂದು ರಚಿಸಿದ್ದ ವಿಶೇಷ ಪೊಲೀಸ್ ತಂಡದ ಏಳು ಅಧಿಕಾರಿಗಳು ಬಂಧಿತರಾದರು. ನಾಗರಿಕರಿಂದ ಹಣ ದೋಚಿದ, ಮಾಡದ ಕೆಲಸಕ್ಕೆ ಓವರ್‌ಟೈಮ್ ಹಣ ಪಡೆದ ಆರೋಪ ಅವರ ಮೇಲಿತ್ತು. ಬೇಕಾದಾಗ ಶಂಕಿತರ ಬಳಿ ಇಡಲೆಂದು ಆಟಿಕೆಯ ಪಿಸ್ತೂಲುಗಳನ್ನು ಜೊತೆಯಲ್ಲಿ ಇರಿಸಿಕೊಳ್ಳುತ್ತಿದ್ದರೆಂಬ ಸಾಕ್ಷ್ಯವೂ ನ್ಯಾಯಾಲಯದ ಮುಂದೆ ಬಂತು. 2018ರ ಜೂನ್‌ನಲ್ಲಿ ತಂಡದ ಮುಖ್ಯಸ್ಥನಿಗೆ ಇಪ್ಪತ್ತೈದು ವರ್ಷಗಳ ಶಿಕ್ಷೆಯಾಯಿತು. ಆ ತಂಡ ಕೈಯಿಟ್ಟಿದ್ದ ನೂರಾರು ಪ್ರಕರಣಗಳನ್ನು ಕೈಬಿಡಬೇಕಾಯಿತು. ಈ ಬಗ್ಗೆ ಪತ್ರಕರ್ತ ಜಸ್ಟಿನ್ ಫೆಂಟನ್ 2021ರಲ್ಲಿ ಪುಸ್ತಕ ಬರೆದರು. ಅದನ್ನು ಆಧರಿಸಿ ಡೇವಿಡ್ ಸೈಮನ್ ಮತ್ತು ಜಾರ್ಜ್ ಪೆಲೆಕಾನೋಸ್ 2022ರಲ್ಲಿ ‘ವಿ ಓನ್ ದಿಸ್ ಸಿಟಿ’ ಎಂಬ ಆರು ಕಂತುಗಳ ಧಾರಾವಾಹಿ ಮಾಡಿದರು.

ಮೆಕ್‌ನಲ್ಟಿ ಒಂದು ಕಾಸನ್ನೂ ಜೇಬಿಗೆ ಹಾಕಿಕೊಂಡವನಲ್ಲ. ಈ ಅಧಿಕಾರಿಗಳೊಂದಿಗೆ ಅವನನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಎರಡಕ್ಕೂ ಒಂದು ಸಂಬಂಧವಿದೆ. ಗುರಿ ಒಳ್ಳೆಯದಾದರೆ ನಿಯಮ ಮುರಿಯಬಹುದೆಂದು ಒಳ್ಳೆಯ ಅಧಿಕಾರಿ ತೋರಿಸಿಕೊಟ್ಟ ದಾರಿಯಲ್ಲಿ ಕೆಟ್ಟ ಅಧಿಕಾರಿಯೂ ನಡೆಯುತ್ತಾನೆ. ದಾರಿಗೆ ಉದ್ದೇಶ ಗೊತ್ತಿರುವುದಿಲ್ಲ.

‘ಮುಳ್ಳನ್ನು ಮುಳ್ಳಿನಿಂದಲೇ ತೆಗೆ’ ಎಂದವರು, ತೆಗೆದ ಮೇಲೆ ಎರಡು ಮುಳ್ಳನ್ನೂ ಎಸೆಯಬೇಕೆಂದೂ ಹೇಳುತ್ತಿದ್ದರು. ನಾವು ಮೊದಲರ್ಧವನ್ನು ನೆನಪಿಟ್ಟು ಉಳಿದರ್ಧವನ್ನು ಮರೆತಿದ್ದೇವೆ. ತೆಗೆಯಲು ಬಳಸಿದ ಮುಳ್ಳು ಕೈಯಲ್ಲೇ ಉಳಿದು, ಅದು ಮುಳ್ಳೆಂಬುದೇ ಮರೆತುಹೋಗುತ್ತದೆ. ಆಮೇಲೆ ಅದು ಚುಚ್ಚುವುದು ಹೆಚ್ಚಾಗಿ ನಮ್ಮ ಗುರಿಯನ್ನಲ್ಲ. ನಮ್ಮ ಲೆಕ್ಕಕ್ಕೇ ಬಾರದ ಯಾವನೋ ಒಬ್ಬ ಲ್ಯಾರಿಯನ್ನು.

ನಾವು ಪತ್ತೇದಾರರಲ್ಲ, ನಮ್ಮ ಕೈಯಲ್ಲಿ ಕದ್ದಾಲಿಕೆಯ ಯಂತ್ರವಿಲ್ಲ. ಆದರೆ ಕಚೇರಿಯ ದಿನಚರಿ ಪುಸ್ತಕ, ಸಂಘದ ಲೆಕ್ಕ, ಮಕ್ಕಳ ವಯಸ್ಸಿನ ದಾಖಲೆ, ನೆರೆಯವರ ಬಗ್ಗೆ ಆಡುವ ಮಾತು ನಮ್ಮ ಕೈಯಲ್ಲೂ ನಾಲಗೆಯಲ್ಲೂ ಇವೆ. ಒಳ್ಳೆಯದಕ್ಕೆಂದು ಹೇಳಿದ ಸುಳ್ಳಿನ ನೆನಪು ಯಾರಿಗೆ ತಾನೇ ಇಲ್ಲ? ಅದನ್ನು ನೆನೆದು ಕೊರಗುತ್ತ ಕೂರುವುದರಿಂದ ಪ್ರಯೋಜನವಿಲ್ಲ. ಆ ಸುಳ್ಳಿಗಾಗಿ ನಾವು ಯಾರನ್ನಾದರೂ ಅವರ ಜಾಗದಿಂದ ಎತ್ತಿ ಬೇರೆಲ್ಲೋ ಬಿಟ್ಟು ಬಂದಿದ್ದೇವೆಯೇ? ಬಿಟ್ಟಿದ್ದರೆ, ಕಾರು ತಿರುಗಿಸಲು ಇನ್ನೂ ಹೊತ್ತು ಮೀರಿಲ್ಲ.